ಎತ್ತರಿಸುವ ಮೊದಲು ಬಿಗಿ ಮಾಡಿ: ಮನೆ ಅಂಗಳದಲ್ಲಿ ಜೀಪಿನ ಕೆಲಸ

(ಚಿತ್ರದುರ್ಗದಲ್ಲಿ ಜೀಪು, ಜಿಪ್ಸಿ ಮಾಲೀಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಜೀಪು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ಇಂಚು ಲಿಫ್ಟ್ ಮಾಡಿಸಬಹುದು?’ ಇವತ್ತೂ ಕುರ್ಚಿ ಹಾಕುವ ಹೊತ್ತಿಗೇ ಅದು ಬಂತು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಲಿಫ್ಟ್ ಅಂದರೆ ಗಾಡಿಯನ್ನು ಎತ್ತರಿಸುವುದು. ಅದಕ್ಕಾಗಿ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಎತ್ತರಿಸಿದರೆ ಚಾಸಿ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟು, ಮೇಲೇಳುತ್ತದೆ, ಬಾಡಿ ಮೇಲೇಳುತ್ತದೆ. ಆದರೆ ಕ್ರೌನ್, ಅಂದರೆ ಚಕ್ರಗಳಿಗೆ ಶಕ್ತಿ ಕೊಡುವ ಗೇರು, ಇರುವ ಆಕ್ಸಲ್ಲಿನ ಹೌಸಿಂಗ್ ಚಕ್ರಕ್ಕೆ ಸೇರಿದ್ದು. ಅದು ಒಂದು ನೂಲೂ ಮೇಲೇಳುವುದಿಲ್ಲ. ನಮ್ಮ ದುರ್ಗದ ಸುತ್ತ ಬಂಡೆ ದಾರಿಯಲ್ಲಿ ಕಲ್ಲು ಬಡಿಯುವುದು ಆ ಹೌಸಿಂಗಿಗೇ. ಹೌಸಿಂಗ್ ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು. ಮಾರುತಿ ಜಿಪ್ಸಿಗೆ ಕಂಪನಿ ಕೊಟ್ಟ ಟೈರು 205/70 ಆರ್15. ಅದರ ವ್ಯಾಸ 668 ಮಿ.ಮೀ. ಎಲ್ಲರೂ ಕೇಳುವ 235/75 ಆರ್15 ಹಾಕಿದರೆ 733 ಮಿ.ಮೀ. ವ್ಯತ್ಯಾಸ 65, ಆದರೆ ಹೌಸಿಂಗ್ ಏಳುವುದು ಅದರ ಅರ್ಧ, ಸುಮಾರು 33 ಮಿ.ಮೀ. ಇಷ್ಟಕ್ಕೆ ಏನು ಕೊಡುತ್ತೀರಿ ನೋಡಿ: ಗೇರು ಶೇಕಡಾ 10ರಷ್ಟು ಎಳೆತ ಕಳೆದುಕೊಳ್ಳುತ್ತದೆ, ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ, ಅದೇ ಬ್ರೇಕು ಹೆಚ್ಚು ಭಾರದ ಚಕ್ರವನ್ನು ನಿಲ್ಲಿಸಬೇಕು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದಾಯಿತು. ಮುಂದೆ ಹಾಕಿಸುವ ಬುಲ್‌ ಬಾರ್ ತೆಗೆಸಬೇಕೆಂದು ಕೇಂದ್ರದ ಆದೇಶ ಬಂದದ್ದು 2017ರ ಡಿಸೆಂಬರಿನಲ್ಲಿ. ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಇರುವ ವನ್ಯಜೀವಿ ಧಾಮ. ಜೋಗಿಮಟ್ಟಿ ಬೆಟ್ಟವೂ ಅರಣ್ಯ ಇಲಾಖೆಯದ್ದು. ಗಾಡಿ ಎಲ್ಲಿಗೂ ಹತ್ತುತ್ತದೆ ಅಂತ ಎಲ್ಲಿಗೂ ನುಗ್ಗಿಸಬೇಡಿ.

ಹಾಗಾದರೆ ಮಾಡುವುದೇನು? ಮಾಡಲು ಬೇಕಾದಷ್ಟಿದೆ. ಹದಿನೈದು ಇಪ್ಪತ್ತು ವರ್ಷ ಓಡಿದ ಗಾಡಿಯ ಕಮಾನು ಒಂದು ಇಂಚು, ಒಂದೂವರೆ ಇಂಚು ಕುಸಿದಿರುವುದು ಸಾಮಾನ್ಯ. ನೀವು ಹುಡುಕುತ್ತಿರುವ ಎತ್ತರ ಅಲ್ಲೇ ಇದೆ. ಅದನ್ನು ವಾಪಸ್ ತನ್ನಿ. ಚಕ್ರದ ಆಟ, ಅಂದರೆ ಸಡಿಲ ಅಲುಗಾಟ, ತೆಗೆಯಿರಿ, ನೀರು ದೂಳು ಒಳಗೆ ಹೋಗದಂತೆ ನೋಡಿಕೊಳ್ಳಿ. ಅಷ್ಟಾದ ಮೇಲೂ ಗಾಡಿ ಸಾಲದು ಅನ್ನಿಸಿದರೆ ಆಮೇಲೆ ಮಾತಾಡೋಣ. ಹೆಚ್ಚಿನವರಿಗೆ ಅನ್ನಿಸುವುದಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಮಾತು. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಹೈಡ್ರಾಲಿಕ್ ಜಾಕಿಯ ಒಂದು ಸೀಲು ಸೋತರೆ ಗಾಡಿ ಕೂತುಬಿಡುತ್ತದೆ. ಕೆಳಗೆ ಹೋಗುವುದಾದರೆ ಚಾಸಿಗೆ ಸ್ಟ್ಯಾಂಡ್ ಕೊಟ್ಟೇ ಹೋಗಿ. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಅಂಗಳ ಮಣ್ಣಿನದಾದರೆ ಸ್ಟ್ಯಾಂಡಿನ ಕೆಳಗೆ ಒಂದೂವರೆ ಇಂಚು ದಪ್ಪದ ಹಲಗೆ ಹಾಕಿ. ಎತ್ತದ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ, ಯಾಕೆಂದರೆ ಹಿಂದಿನ ಒಂದು ಚಕ್ರ ಎತ್ತಿದಾಗ ಹ್ಯಾಂಡ್‌ ಬ್ರೇಕ್ ಹಿಡಿಯುತ್ತದೆ ಅನ್ನುವ ನಂಬಿಕೆ ಇಲ್ಲ. ಎರಡನೆಯದು: ಕೆಲವು ಹಳೆ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ಥ್ರೆಡ್. ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡಿ, ಪೈಪು ಹಾಕಿ ಒದ್ದು ಸ್ಟಡ್ ಮುರಿದುಕೊಳ್ಳುವುದು ಹೀಗೇ. ಮೊದಲು ಥ್ರೆಡ್ ಯಾವ ಕಡೆ ಓರೆಯಾಗಿದೆ ಅಂತ ಕಣ್ಣಿಟ್ಟು ನೋಡಿ.

ಈಗ ಮುಂದಿನ ಚಕ್ರಕ್ಕೆ ಬರೋಣ. ‘ಸ್ಟೇರಿಂಗ್ ಒದರುತ್ತೆ’ ಅಂತ ಬರುವ ಗಾಡಿಗಳಿಗೆ ಜನ ಮೊದಲು ಸ್ಟೇರಿಂಗ್ ಬಾಕ್ಸ್ ಬದಲಿಸುತ್ತಾರೆ, ಆಮೇಲೆ ಒದರಾಟ ತಡೆಯುವ ಡ್ಯಾಂಪರ್ ಹಾಕಿಸುತ್ತಾರೆ. ಕಾಯಿಲೆ ಎರಡರಲ್ಲೂ ಇರುವುದಿಲ್ಲ. ಹುಡುಕುವ ಕ್ರಮ ಇದು. ಮುಂದಿನ ಆಕ್ಸಲ್ ಎತ್ತಿ. ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್. ಬ್ರೇಕ್ ತುಳಿದಾಗಲೂ ಉಳಿದರೆ ಕಿಂಗ್‌ಪಿನ್ ಬೇರಿಂಗ್. ಬ್ರೇಕು ಡ್ರಮ್ಮನ್ನೂ ನಕಲ್ಲನ್ನೂ, ಅಂದರೆ ಕಿಂಗ್‌ಪಿನ್ ಮೇಲೆ ತಿರುಗುತ್ತ ಚಕ್ರವನ್ನು ಹೊತ್ತಿರುವ ತುಂಡನ್ನೂ, ಒಂದು ಮಾಡಿಬಿಡುತ್ತದೆ, ಹಾಗಾಗಿ ಉಳಿಯುವ ಆಟ ನಕಲ್ಲಿನದ್ದೇ. ಅದಾದ ಮೇಲೆ 9 ಮತ್ತು 3ರಲ್ಲಿ ಹಿಡಿದು ಅಲ್ಲಾಡಿಸಿದರೆ ಸ್ಟೇರಿಂಗ್ ಸರಳುಗಳ ತುದಿಯ ಜಾಯಿಂಟುಗಳ, ಅಂದರೆ ಟೈರಾಡ್ ಎಂಡ್, ಡ್ರ್ಯಾಗ್ ಲಿಂಕ್ ಬಾಲ್‌ಗಳ, ಆಟ ಗೊತ್ತಾಗುತ್ತದೆ. ಗಾಡಿ ಇಳಿಸಿ, ಎಂಜಿನ್ ಆರಿಸಿ, ಒಬ್ಬರು ಸ್ಟೇರಿಂಗನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಿದ್ದರೆ ಇನ್ನೊಬ್ಬರು ಒಂದೊಂದು ಜಾಯಿಂಟಿನ ಮೇಲೂ ಬೆರಳಿಡಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ತಟ್ಟುತ್ತದೆ.

ಬೇರಿಂಗ್ ಬಿಗಿ ಮಾಡುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮನೆಯಲ್ಲಿ ಮಾಡುವ ಕೆಲಸದಲ್ಲಿ ಹೆಚ್ಚು ಕೆಡುವುದು ಇದೇ. ಹಬ್ಬಿನೊಳಗೆ ಎರಡು ಟೇಪರ್ ರೋಲರ್ ಬೇರಿಂಗ್ ಎದುರುಬದುರಾಗಿ ಕೂತಿರುತ್ತವೆ. ಒಳಗಿನ ನಟ್ಟು ಅವುಗಳ ಆಟವನ್ನು ತೀರ್ಮಾನಿಸುತ್ತದೆ, ಹೊರಗಿನದು ಬೀಗ, ನಡುವೆ ಮಡಚುವ ವಾಷರ್. ಹಬ್ ಬಿಚ್ಚಿದ ಮೇಲೆ ಬೇರಿಂಗನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ನೆರಳಲ್ಲಿ ಒಣಗಿಸಿ. ಕಂಪ್ರೆಸರ್ ಗಾಳಿ ಬಿಟ್ಟು ಬುಗುರಿ ಹಾಗೆ ತಿರುಗಿಸಬೇಡಿ. ಗ್ರೀಸಿಲ್ಲದೆ ಆ ವೇಗದಲ್ಲಿ ತಿರುಗಿದರೆ ರೋಲರ್ ಕೆಡುತ್ತದೆ. ಬೆಳಕಿಗೆ ಹಿಡಿದು ನೋಡಿ. ರೋಲರ್ ಬೂದು ಬಣ್ಣಕ್ಕೆ ತಿರುಗಿದ್ದರೆ ಗ್ರೀಸಿನಲ್ಲಿ ನೀರು ಸೇರಿತ್ತು. ನೀಲಿ ಛಾಯೆ ಇದ್ದರೆ ಅತಿ ಬಿಗಿಯಾಗಿ ಕಾದಿತ್ತು. ಕಪ್ಪಿನಲ್ಲಿ, ಅಂದರೆ ಹಬ್ಬಿಗೆ ಕೂರಿಸಿದ ಹೊರ ಉಂಗುರದಲ್ಲಿ, ಒಂದೇ ಅಂತರದಲ್ಲಿ ಗೀಟು ಗೀಟಾಗಿ ತಗ್ಗು ಕಂಡರೆ ಬೇರಿಂಗು ಕಪ್ಪು ಎರಡೂ ಬದಲಿಸಬೇಕು. ಹಳೆ ಕಪ್ಪಿಗೆ ಹೊಸ ಬೇರಿಂಗು ಹಾಕಿದರೆ ಹೊಸದೂ ಬೇಗ ಹಾಳು.

ಗ್ರೀಸು ಲಿಥಿಯಂ ಬೇಸಿನ ವೀಲ್ ಬೇರಿಂಗ್ ಗ್ರೀಸೇ ಆಗಿರಲಿ. ಚಾಸಿಗೆ ಹೊಡೆಯುವ ಅಗ್ಗದ ಕ್ಯಾಲ್ಸಿಯಂ ಗ್ರೀಸು ಬ್ರೇಕಿನ ಕಾವಿಗೆ ಕರಗಿ ಡ್ರಮ್ಮಿನೊಳಕ್ಕೆ ಇಳಿಯುತ್ತದೆ. ಅಂಗೈ ಮೇಲೆ ಗ್ರೀಸಿಟ್ಟುಕೊಂಡು, ಬೇರಿಂಗಿನ ಅಗಲವಾದ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಮೇಲಿನ ಬದಿಯಿಂದ ಹೊಸ ಗ್ರೀಸು ಹುಳದ ಹಾಗೆ ಎದ್ದು ಬರುವವರೆಗೆ ಬಿಡಬೇಡಿ. ಹಬ್ ಕೂರಿಸಿ ಒಳ ನಟ್ಟನ್ನು ಬಿಗಿ ಮಾಡುವಾಗ ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತಲೇ ಇರಬೇಕು, ಆಗಲೇ ರೋಲರ್‌ಗಳು ತಮ್ಮ ಜಾಗಕ್ಕೆ ಕೂರುವುದು. ಚಕ್ರ ಭಾರವಾಗಿ ತಿರುಗುವಷ್ಟು ಬಿಗಿಯಾದ ಮೇಲೆ, ಜೀಪಿನಲ್ಲಾದರೆ ನಟ್ಟನ್ನು ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಆರು ಮೂಲೆಯ ನಟ್ಟಿನಲ್ಲಿ ಒಂದು ಮೂಲೆಯಷ್ಟು. ವಾಷರ್ ಹಾಕಿ, ಹೊರ ನಟ್ಟು ಬಿಗಿದು, ವಾಷರ್ ಮಡಚಿ. ಜಿಪ್ಸಿಗೆ ಬೇರೆ ಲೆಕ್ಕವಿದೆ, ಅದರ ಮ್ಯಾನುಯಲ್ಲಿನ ಟಾರ್ಕನ್ನೇ ಅನುಸರಿಸಿ. ಹೊರ ನಟ್ಟು ಬಿಗಿದ ಮೇಲೆ ಮತ್ತೊಮ್ಮೆ 12 ಮತ್ತು 6ರಲ್ಲಿ ಹಿಡಿದು ನೋಡುವುದನ್ನು ಮರೆಯಬೇಡಿ, ಬೀಗದ ನಟ್ಟು ಒಳಗಿನದನ್ನೂ ಸ್ವಲ್ಪ ಎಳೆದಿರುತ್ತದೆ.

ಕಮಾನಿಗೆ ಹೋಗೋಣ. ಮುರಿದ ಪಟ್ಟಿ ತಾನೇ ಕಾರಣ ಹೇಳುತ್ತದೆ. ನಡುವೆ, ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಮುರಿದಿದ್ದರೆ ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿತ್ತು. ಕಣ್ಣಿನ, ಅಂದರೆ ಪಟ್ಟಿಯ ತುದಿಯ ಸುರುಳಿಯ, ಹತ್ತಿರ ಮುರಿದಿದ್ದರೆ ಅದರೊಳಗಿನ ಬುಷ್ ಅಥವಾ ಕಮಾನಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಜಾಮಾಗಿ ಪಟ್ಟಿ ತಿರುಗಲು ಆಗುತ್ತಿರಲಿಲ್ಲ. ಎರಡಕ್ಕೂ ನಡುವೆ ಮುರಿದಿದ್ದರೆ ಹೇರಿದ್ದು ಹೆಚ್ಚು, ಇಲ್ಲವೇ ಶಾಕ್ ಅಬ್ಸಾರ್ಬರ್ ಸತ್ತಿದೆ. ಕಾರಣ ಬಿಟ್ಟು ಪಟ್ಟಿ ಮಾತ್ರ ಬದಲಿಸಿದರೆ ಮತ್ತೆ ಅಲ್ಲೇ ಮುರಿಯುತ್ತದೆ. ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸುವವರು ಈಗಲೂ ಇದ್ದಾರೆ. ಸ್ಪ್ರಿಂಗ್ ಉಕ್ಕಿಗೆ ಆ ಕಾವು ತಾಗಿದರೆ ಅದರ ಹದ ಹೋಗಿ ವೆಲ್ಡಿನ ಪಕ್ಕ ಗಾಜಿನಂತಾಗುತ್ತದೆ. ದಯವಿಟ್ಟು ಮಾಡಿಸಬೇಡಿ.

ಬಿಚ್ಚುವ ಹಿಂದಿನ ಸಂಜೆಯೇ ಯು ಬೋಲ್ಟ್ ನಟ್ಟುಗಳ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಚಾಸಿ ಸ್ಟ್ಯಾಂಡಿನ ಮೇಲಿರಲಿ, ಆಕ್ಸಲ್ಲಿನ ಭಾರವನ್ನು ಜಾಕಿ ಹಿಡಿದಿರಲಿ. ಶಾಕಿನ ಕೆಳ ಬೋಲ್ಟು, ಯು ಬೋಲ್ಟು, ಶ್ಯಾಕಲ್, ಆಮೇಲೆ ಕಣ್ಣಿನ ಬೋಲ್ಟು, ಈ ಕ್ರಮದಲ್ಲಿ ಬಿಚ್ಚಿ. ಬ್ರೇಕ್ ಹೋಸಿನ ಮೇಲೆ ಆಕ್ಸಲ್ ಜೋತುಬೀಳದಂತೆ ನೋಡಿಕೊಳ್ಳಿ. ಹೊರಗೆ ತೆಗೆದ ಕಮಾನಿನ ಸೆಂಟರ್ ಬೋಲ್ಟನ್ನು ಹಾಗೇ ಬಿಚ್ಚಿದರೆ ಪಟ್ಟಿಗಳು ಸಿಡಿಯುತ್ತವೆ. ಎರಡು ಕಡೆ ಸಿ ಕ್ಲ್ಯಾಂಪ್ ಹಾಕಿ, ಬೋಲ್ಟು ತೆಗೆದು, ಕ್ಲ್ಯಾಂಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ.

ಪಟ್ಟಿಗಳನ್ನು ಒಂದೊಂದಾಗಿ ಉಜ್ಜಿ ನೋಡಿ. ಕೆಳಗಿನ ಪಟ್ಟಿಯ ತುದಿ ಮೇಲಿನ ಪಟ್ಟಿಯನ್ನು ಕೊರೆದ ಗೆರೆ ಕಾಣುತ್ತದೆ. ಬಿರುಕು ಹುಟ್ಟುವುದು ಆ ಗೆರೆಯಲ್ಲಿ. ಉಗುರಿಗೆ ಸಿಕ್ಕುವಷ್ಟು ಆಳವಾಗಿದ್ದರೆ ಆ ಪಟ್ಟಿ ಬೇಡ. ಕುಸಿದ ಕಮಾನನ್ನು ಕಮಾನು ಕಟ್ಟುವವರ ಹತ್ತಿರ ಕೊಟ್ಟು ಮೂಲ ಬಾಗಿಗೆ ತರಿಸಬಹುದು. ಕಾಸಿ, ಬಾಗಿಸಿ, ಮತ್ತೆ ಹದ ಹಾಕುವ ಕುಲುಮೆ ಇರುವ ಕಡೆಯೇ ಕೊಡಿ. ತಣ್ಣಗಿನ ಪಟ್ಟಿಯನ್ನು ಸುತ್ತಿಗೆಯಲ್ಲಿ ಬಡಿದು ಬಾಗಿಸಿದ್ದು ಕೆಲವೇ ತಿಂಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ. ಎಡ ಬಲ ಜೋಡಿಯಾಗಿಯೇ ಮಾಡಿಸಬೇಕು. ಪಟ್ಟಿಗಳ ನಡುವೆ ಗ್ರೀಸು ಬಳಿಯಬೇಕೋ ಬೇಡವೋ ಅನ್ನುವುದು ಹಳೆ ಚರ್ಚೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ದೂಳಿನಲ್ಲಿ ದಪ್ಪ ಗ್ರೀಸು ಮರಳು ಹಿಡಿದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಒಣ ಗ್ರಾಫೈಟ್ ಪುಡಿ ತೆಳ್ಳಗೆ ಉಜ್ಜಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕೂರಿಸುವಾಗ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಅದು ತೂತು ತಪ್ಪಿ ಕೂತರೆ ಆಕ್ಸಲ್ ಓರೆಯಾಗಿ, ಗಾಡಿ ಒಂದು ಕಡೆ ಎಳೆಯುತ್ತದೆ. ಯು ಬೋಲ್ಟು ಹೊಸದೇ ಹಾಕಿ. ಒಮ್ಮೆ ಎಳೆದು ಹಿಗ್ಗಿದ ಥ್ರೆಡ್ ಎರಡನೇ ಸಲ ಬಿಗಿ ಹಿಡಿಯುವುದಿಲ್ಲ. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ ಬಿಗಿಯುತ್ತ ಹೋಗಿ, ಹೊರಗೆ ಕಾಣುವ ಥ್ರೆಡ್ ನಾಲ್ಕರಲ್ಲೂ ಸಮ ಇರಲಿ. ಆದರೆ ಕಣ್ಣಿನ ಬೋಲ್ಟು, ಶ್ಯಾಕಲ್ ಬೋಲ್ಟುಗಳನ್ನು ಗಾಡಿ ನೆಲಕ್ಕೆ ಇಳಿದು ಭಾರ ಕೂತ ಮೇಲೆಯೇ ಪೂರ್ತಿ ಬಿಗಿಯಬೇಕು. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರ್ ಬುಷ್ ಆ ಭಂಗಿಯಲ್ಲಿ ಕಚ್ಚಿಕೊಳ್ಳುತ್ತದೆ. ಇಳಿಸಿದ ಕ್ಷಣದಿಂದ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 100 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.

ಇಲ್ಲಿ ಉದ್ದ ಶ್ಯಾಕಲ್ ಬಗ್ಗೆ ಒಂದು ಮಾತು. ‘ಅಗ್ಗದ ಲಿಫ್ಟ್’ ಅಂತ ಅದನ್ನು ಹಾಕುತ್ತಾರೆ. ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏಳುವುದು 1 ಇಂಚು. ಮುಂದಿನ ಕಮಾನಿನ ಶ್ಯಾಕಲ್ ಮುಂಭಾಗದಲ್ಲಿರುವ ಗಾಡಿಗಳಲ್ಲಿ ಅದರ ಜೊತೆಗೆ ಆಕ್ಸಲ್ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ಓರೆಯಾಗಿರುವ ಕೋನ, ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೇರಿಂಗ್ ತಾನೇ ನೇರಕ್ಕೆ ಬರುವುದಿಲ್ಲ, ಹೈವೇಯಲ್ಲಿ ಗಾಡಿ ಅಲೆಯುತ್ತದೆ. ಮುಂದಿನ ಆಕ್ಸಲ್ಲಿಗೆ ಕಬ್ಬಿಣದ ಬ್ಲಾಕ್ ಇಟ್ಟು ಎತ್ತರಿಸುವುದಂತೂ ಇನ್ನೂ ಅಪಾಯ: ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚುವ ಬಲಕ್ಕೆ ಬ್ಲಾಕ್ ಜಾರಬಹುದು. ಎಂಜಿನ್ ಕಡೆಯಿಂದ ಆಕ್ಸಲ್ಲಿಗೆ ಶಕ್ತಿ ಸಾಗಿಸುವ ಪ್ರೊಪೆಲ್ಲರ್ ಶಾಫ್ಟನ್ನೂ ನೆನಪಿಡಿ. 600 ಮಿ.ಮೀ. ಉದ್ದದ ಶಾಫ್ಟಿಗೆ 2 ಇಂಚು ಲಿಫ್ಟ್ ಅಂದರೆ ಕೋನ ಸುಮಾರು 5 ಡಿಗ್ರಿ ಹೆಚ್ಚು. ಶಾಫ್ಟಿನ ತುದಿಯ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸ್ ಮೇಲಿಂದ ಮೇಲೆ ಹೋಗುತ್ತಿದ್ದರೆ ಕಾರಣ ಅಲ್ಲಿದೆ. ಶಾಫ್ಟ್ ಬಿಚ್ಚುವಾಗ ಜಾರುವ ಜಾಯಿಂಟಿನ ಎರಡೂ ತುಂಡಿಗೆ ಪೇಂಟಿನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ಎರಡು ತುದಿಯ ಕ್ರಾಸ್ ಒಂದೇ ಸಾಲಿಗೆ ಬರದೆ ಜೋಡಿಸಿದರೆ ಗಾಡಿ ಜುಮ್ಮೆನ್ನುತ್ತದೆ, ಮತ್ತೆ ದೋಷ ಹುಡುಕುತ್ತ ಗೇರ್‌ಬಾಕ್ಸ್‌ವರೆಗೆ ಹೋಗಿಬಿಡುತ್ತೀರಿ.

ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯವರಿಗೆ ಭದ್ರಾ ನಾಲೆ ನೀರು, ಗದ್ದೆ ಕೆಸರು. ಅವರು ಮೊದಲು ಮಾಡಬೇಕಾದ ಕೆಲಸ ಬ್ರೀದರ್. ಹೌಸಿಂಗಿನ ತಲೆಯ ಮೇಲೆ ಉಸಿರಾಡಲು ಒಂದು ಸಣ್ಣ ವಾಲ್ವ್ ಇರುತ್ತದೆ. ಕಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ವಾಲ್ವ್ ಮಣ್ಣು ಕಟ್ಟಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಟೀ ಬಣ್ಣಕ್ಕೆ ಬಂದಿದ್ದರೆ ಆಗಿರುವುದು ಇದೇ. ವಾಲ್ವಿನ ಜಾಗಕ್ಕೆ ನಿಪ್ಪಲ್ ಹಾಕಿ, ಆಯಿಲ್ ತಡೆಯುವ 8 ಮಿ.ಮೀ. ಹೋಸನ್ನು ಚಾಸಿಯ ಮೇಲೆ ಸಾಗಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ತನ್ನಿ. ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ. ಆಕ್ಸಲ್ ಕುಣಿಯುವುದಕ್ಕೆ ಹೋಸಿನಲ್ಲಿ ಸಡಿಲ ಬಿಟ್ಟಿರಿ. ಅರ್ಧ ದಿನದ ಕೆಲಸ, ಖರ್ಚು ಅಷ್ಟಕ್ಕಷ್ಟೆ.

ಆಯಿಲ್ ಬದಲಿಸುವಾಗ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ, ಆಮೇಲೆ ಕೆಳಗಿನದು. ಕೆಳಗಿನದು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನ ಪ್ಲಗ್ ಕಚ್ಚಿಕೊಂಡಿದ್ದರೆ ಗಾಡಿ ಅಲ್ಲೇ ನಿಂತಿತು. ಜಿಎಲ್ ಅನ್ನುವುದು ಗೇರ್ ಆಯಿಲ್ಲಿನ ದರ್ಜೆ. ಕ್ರೌನಿಗೆ ಜಿಎಲ್‌-5, ಹಳೆ ಗೇರ್‌ಬಾಕ್ಸಿಗೆ ಜಿಎಲ್‌-4. ಜಿಎಲ್‌-5ರಲ್ಲಿರುವ ಗಂಧಕದ ಅಂಶ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ಉಂಗುರಗಳನ್ನು (ಗೇರು ಸಲೀಸಾಗಿ ಬೀಳಲು ನೆರವಾಗುವವು) ತಿನ್ನಬಹುದು.

ದುರ್ಗದವರಿಗೆ ನೀರಿಗಿಂತ ದೂಳು ದೊಡ್ಡ ಶತ್ರು. ಏರ್ ಫಿಲ್ಟರ್ ಆದ ಮೇಲಿನ ಹೋಸನ್ನು ಬಿಚ್ಚಿ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಕೆಂಪು ದೂಳು ಹತ್ತಿದರೆ ಎಂಜಿನ್ ಮಣ್ಣು ತಿನ್ನುತ್ತಿದೆ ಅಂತಲೇ ಅರ್ಥ. ರಿಂಗು ಸವೆದು ಹೊಗೆ ಬರುವವರೆಗೆ ಅದು ಬೇರೆ ಸುಳಿವು ಕೊಡುವುದಿಲ್ಲ. ಫಿಲ್ಟರ್ ಎಷ್ಟು ಹೊಸದಾದರೂ ಹೋಸಿನಲ್ಲಿ ಒಂದು ಸೀಳಿದ್ದರೆ, ಕ್ಲಿಪ್ ಸಡಿಲವಿದ್ದರೆ ಮುಗಿಯಿತು. ಪೇಪರ್ ಫಿಲ್ಟರನ್ನು ನೆಲಕ್ಕೆ ಕುಟ್ಟಬೇಡಿ. ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಬಿಡಿ. ಹಳೆ ಜೀಪಿನ ಆಯಿಲ್ ಬಾತ್ ಫಿಲ್ಟರಿನಲ್ಲಿ ಆಯಿಲ್ ಗುರುತಿನವರೆಗೆ ಮಾತ್ರ ಇರಲಿ. ಹೆಚ್ಚು ಹಾಕಿದರೆ ಎಂಜಿನ್ ಅದನ್ನು ಎಳೆದುಕೊಳ್ಳುತ್ತದೆ.

ಬಿಸಿಲಿನ ವಿಷಯ ಚುಟುಕಾಗಿ ಮುಗಿಸುತ್ತೇನೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ, ನಮ್ಮ ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರಿಗೆ ಅರ್ಧಕ್ಕರ್ಧ ಕೂಲಂಟ್. ಹೀಟಾಗುತ್ತೆ ಅಂತ ಥರ್ಮೋಸ್ಟಾಟ್ ಕಿತ್ತೆಸೆಯುವುದು ಪರಿಹಾರವಲ್ಲ. ಕೆಲವು ಎಂಜಿನ್ನುಗಳಲ್ಲಿ ಬೈಪಾಸ್ ತೆರೆದೇ ಉಳಿದು ನೀರು ರೇಡಿಯೇಟರಿಗೆ ಹೋಗದೆ ಇನ್ನೂ ಕಾಯುತ್ತದೆ. ರೇಡಿಯೇಟರ್ ಮುಚ್ಚಳದ ಮೇಲೆ 0.9 (ಬಾರ್ ಒತ್ತಡ) ಅಂತಿದ್ದರೆ ಆ ಒತ್ತಡದಲ್ಲಿ ಬರೀ ನೀರು ಕುದಿಯುವುದೂ 118 ಡಿಗ್ರಿ ಆಸುಪಾಸಿನಲ್ಲಿ. ಮುಚ್ಚಳದ ರಬ್ಬರ್ ಸೋತರೆ 100ಕ್ಕೇ ಕುದಿಯುತ್ತದೆ. ಮುಚ್ಚಳ ಬದಲಿಸಿ ನೋಡದೆ ರೇಡಿಯೇಟರ್ ಬಿಚ್ಚಿಸಬೇಡಿ.

ಲೈಟಿನ ಬಗ್ಗೆ ಕೇಳಿದ್ದೀರಿ. 55 ವ್ಯಾಟಿನ ಎರಡು ಲೈಟು ಅಂದರೆ 110 ವ್ಯಾಟು, 12 ವೋಲ್ಟಿಗೆ 9 ಆಂಪಿಯರಿಗೂ ಸ್ವಲ್ಪ ಮೇಲೆ. ಅಷ್ಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚು ಕರಗುತ್ತದೆ. ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು, ಹಾಕಿ, 2.5 ಚದರ ಮಿ.ಮೀ. ವೈರ್ ಎಳೆಯಿರಿ, 15 ಆಂಪಿಯರ್ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ. ಫ್ಯೂಸು ದೂರವಿದ್ದರೆ ಬ್ಯಾಟರಿಯಿಂದ ಅಲ್ಲಿವರೆಗಿನ ವೈರಿಗೆ ಕಾವಲೇ ಇಲ್ಲ.

ಕೊನೆಯದಾಗಿ ಚಾಸಿ ಬಿರುಕಿನ ಪ್ರಶ್ನೆ. ಬಿರುಕಿನ ತುದಿ ಎಲ್ಲಿದೆ ಅಂತ ಪೇಂಟ್ ಕೆರೆದು ಹುಡುಕಿ, ಆ ತುದಿಗೆ 6 ಮಿ.ಮೀ. ತೂತು ಕೊರೆಯಿರಿ, ತೂತು ಬಿರುಕು ಮುಂದೆ ಓಡದಂತೆ ತಡೆಯುತ್ತದೆ. ಬ್ಯಾಟರಿ ಕಳಚಿ, ಆಲ್ಟರ್ನೇಟರ್ ವೈರ್ ಬಿಡಿಸಿ, ಆಮೇಲೆ ವೆಲ್ಡಿಂಗ್. ಮೇಲೆ ಕೊಡುವ ಪ್ಲೇಟು ಚೌಕಾಕಾರ ಬೇಡ, ವಜ್ರಾಕಾರ ಇರಲಿ. ಚೌಕ ಪ್ಲೇಟಿನ ನೆಟ್ಟನೆ ಅಂಚಿನ ವೆಲ್ಡು ಚಾಸಿಗೆ ಅಡ್ಡಲಾಗಿ ಒಂದೇ ಗೆರೆ ಕೊಯ್ದಂತಾಗಿ, ಮುಂದಿನ ಬಿರುಕು ಆ ಗೆರೆಯಲ್ಲೇ ಹುಟ್ಟುತ್ತದೆ. ಚಾಸಿಯ ಮೇಲಿನ ಕೆಳಗಿನ ಅಂಚಿನ ಮೇಲೆ ಅಡ್ಡ ವೆಲ್ಡು ಬೀಳದಂತೆ ವೆಲ್ಡರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟು ಪಕ್ಕದಲ್ಲೇ ನಿಂತುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೆ ಗಾಡಿಯನ್ನು ಇಪ್ಪತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ, ನಾಲ್ಕೂ ಹಬ್ಬಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಒಂದರ ಮೇಲೆ ಮಾತ್ರ ಕೈ ಇಡಲಾಗದಿದ್ದರೆ ಆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ: ಬ್ರೇಕ್ ಶೂ ಉಜ್ಜುವ ಸದ್ದು ಬಂದರೆ ಶೂ ಸಡಿಲಿಸಿ, ಸದ್ದಿಲ್ಲದೆ ಭಾರವಾಗಿ ತಿರುಗಿದರೆ ಒಳ ನಟ್ಟು ಬಿಗಿಯಾಗಿದೆ, ಮಡಚಿದ ವಾಷರ್ ಬಿಡಿಸಿ ಆರನೇ ಒಂದು ಸುತ್ತಿನ ಲೆಕ್ಕವನ್ನು ಮೊದಲಿಂದ ಮಾಡಿ.